ಕಾಫಿ ಕೊಡಲಿಲ್ಲ

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಬೆಕ್ಕಿನ ಚಿತ್ರ ಇದೆ. ಲ್ಯಾಮಿನೇಟ್ ಮಾಡಿಸಿದ್ದು, ಮೂಲೆಗಳು ಸವೆದಿವೆ. ಬೆಕ್ಕು ಒಂದು ರಟ್ಟಿನ ಪೆಟ್ಟಿಗೆಯೊಳಗೆ ಕೂತಿದೆ. ಹತ್ತು ವರ್ಷದಿಂದ ಅದನ್ನು ಮಕ್ಕಳಿಗೆ ತೋರಿಸಿ "ಬೆಕ್ಕು ಎಲ್ಲಿದೆ?" ಅಂತ ಕೇಳುತ್ತಾ ಬಂದಿದ್ದೇನೆ. "ಪೆಟ್ಟಿಗೆ ಒಳಗೆ" ಅನ್ನುತ್ತಾರೆ. "ಯಾಕೆ ಒಳಗೆ ಹೋಯಿತು?" ಅಂದರೆ ನನ್ನ ಮುಖ ನೋಡುತ್ತಾರೆ. ಅವರ ತಪ್ಪಲ್ಲ. ಬೆಕ್ಕು ಅಲ್ಲಿ ಯಾಕೆ ಕೂತಿದೆ ಅಂತ ನನಗೂ ಗೊತ್ತಿಲ್ಲ. ಗೊತ್ತಾಗಬೇಕು ಅಂತ ಯಾವತ್ತೂ ಅನಿಸಿದ್ದೂ ಇಲ್ಲ.

ನಾನು ಸ್ಪೀಚ್ ಥೆರಪಿಸ್ಟ್. ಓದಿದ್ದು ಮೈಸೂರಿನಲ್ಲಿ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ. ಆ ಕನ್ನಡ ಹೆಸರು ಹೇಳಿದರೆ ಆಟೋದವರು ಯೋಚನೆಗೆ ಬೀಳುತ್ತಾರೆ, "ಸ್ಪೀಚ್ ಅಂಡ್ ಹಿಯರಿಂಗ್" ಅಂದರೆ ಸೀದಾ ಗೇಟಿಗೆ ತಂದು ಬಿಡುತ್ತಾರೆ. ಈಗ ಕೆಲಸ ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ, ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ಊರಿಂದ ಅತ್ತೆ ಫೋನಿನಲ್ಲಿ ಕೇಳುತ್ತಿರುತ್ತಾರೆ, "ಅಲ್ಲಮ್ಮ, ಇಂಗ್ಲಿಷ್ ಮಕ್ಕಳಿಗೆ ನೀನು ಇಂಗ್ಲಿಷ್ ಹೇಳಿಕೊಡ್ತೀಯಾ?" ಹೌದು ಅತ್ತೆ, ಹೆಚ್ಚುಕಡಿಮೆ ಹಾಗೇ.

ಇದನ್ನೆಲ್ಲ ಬರೆಯೋಕೆ ಕಾರಣ ಒಬ್ಬ ಎಂಟು ವರ್ಷದ ಹುಡುಗ. ಮೂರನೇ ಕ್ಲಾಸು. ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ ನನ್ನ ಹತ್ತಿರ ಬರುತ್ತಿದ್ದ. ಕಿವಿ ಸರಿಯಾಗಿದೆ, ಬುದ್ಧಿ ಚುರುಕು. ಮಾತು ಮಾತ್ರ ಬಿಡಿ ಮಣಿಗಳ ಹಾಗೆ ಉದುರುತ್ತಿತ್ತು, ಪೋಣಿಸುವ ದಾರ ಇರಲಿಲ್ಲ. ನಿನ್ನೆ ಏನು ಮಾಡಿದೆ ಅಂದರೆ "ಪಾರ್ಕ್. ಅಣ್ಣ ಬಿದ್ದ. ಐಸ್‌ಕ್ರೀಂ." ಅಣ್ಣ ಬಿದ್ದ ಅಂತ ಸಮಾಧಾನಕ್ಕೆ ಐಸ್‌ಕ್ರೀಂ ಕೊಡಿಸಿದರೋ, ಐಸ್‌ಕ್ರೀಂ ಗಾಡಿ ಹಿಂದೆ ಓಡಿಹೋಗಿ ಅಣ್ಣ ಬಿದ್ದನೋ, ನಾವೇ ಊಹಿಸಿಕೊಳ್ಳಬೇಕು. ಇಲ್ಲಿ ಇಂಥ ಪ್ರತಿ ಮಗುವಿಗೂ ಶಾಲೆ ಒಂದು ಲಿಖಿತ ಯೋಜನೆ ಮಾಡುತ್ತದೆ, ಐಇಪಿ ಅಂತಾರೆ. ಅವನದರಲ್ಲಿ ನಾನೇ ಬರೆದ ಗುರಿ ಹೀಗಿತ್ತು: ಚಿತ್ರ ತೋರಿಸಿದಾಗ 5ರಲ್ಲಿ 4 ಸಲ "ಬಿಕಾಸ್" ಹಾಕಿ ಪೂರ್ತಿ ವಾಕ್ಯ ಹೇಳುತ್ತಾನೆ. ಅದಕ್ಕೆ ಅಂತ ಮೂರು ಕಾರ್ಡು ಮಾಡಿಟ್ಟಿದ್ದೆ. ಹಳದಿ ಕಾರ್ಡು ಬಿಕಾಸ್, ಕೆಂಪು ಬಟ್, ಹಸಿರು ಸೋ. ಯಾಕಂದ್ರೆ, ಆದ್ರೆ, ಅದಕ್ಕೆ. ಕಾರ್ಡು ಮುಂದಕ್ಕೆ ತಳ್ಳಿದರೆ ಆ ಪದ ಹಾಕಿ ಮಾತು ಮುಂದುವರಿಸಬೇಕು.

ಒಂದು ದಿನ ಹಳದಿ ಕಾರ್ಡು ತಳ್ಳಿದೆ. ಹುಡುಗ ಬೆಕ್ಕನ್ನು ನೋಡಿದ, ನನ್ನನ್ನು ನೋಡಿದ, ಪಾಪ, ನನ್ನನ್ನು ಖುಷಿಪಡಿಸೋಕೆ ಅಂತ ಹೇಳಿದ: "ಬೆಕ್ಕು ಪೆಟ್ಟಿಗೆ ಒಳಗಿದೆ, ಯಾಕಂದ್ರೆ ಬೆಕ್ಕು ಪೆಟ್ಟಿಗೆ ಒಳಗಿದೆ."

ಶೀಟಿನಲ್ಲಿ ಟಿಕ್ ಹಾಕಬೇಕೋ ಬೇಡವೋ ಅಂತ ಪೆನ್ನು ಹಿಡಿದು ಕೂತೆ. ವ್ಯಾಕರಣ ಸರಿಯಾಗಿತ್ತು. ಮನೆಗೆ ಹೋಗುವಾಗ ಕಾರಿನಲ್ಲೂ ಅದೇ ತಲೆಯಲ್ಲಿ. ಯಾಕೆ ಅಂತ ಕೇಳುವಂಥದ್ದು ಏನೂ ಇಲ್ಲದ ಚಿತ್ರ ಕೊಟ್ಟು ಯಾಕಂದ್ರೆ ಹೇಳು ಅಂದರೆ ಮಗು ಇನ್ನೇನು ಹೇಳಬೇಕು?

ಕೌಂಟರಿನ ಆ ಕಡೆ ನಿಂತವನು

ಫೆಬ್ರವರಿ ಬಂತು. ಇಲ್ಲಿ ಫೆಬ್ರವರಿ ಅಂದರೆ ಬ್ಲ್ಯಾಕ್ ಹಿಸ್ಟರಿ ತಿಂಗಳು, ಕಪ್ಪು ಜನರ ಚರಿತ್ರೆ ನೆನೆಯುವ ತಿಂಗಳು. ಕಾರಿಡಾರ್ ತುಂಬ ಮಾರ್ಟಿನ್ ಲೂಥರ್ ಕಿಂಗ್ ಅವರ ಚಿತ್ರ, ರೋಸಾ ಪಾರ್ಕ್ಸ್ ಚಿತ್ರ. ಹುಡುಗನ ಕ್ಲಾಸಿನಲ್ಲೂ ರೋಸಾ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡದ ಕತೆ ಆಗಿತ್ತು. ಚಿತ್ರ ತೋರಿಸಿ, ಅವಳು ಯಾಕೆ ಎದ್ದು ಸೀಟು ಬಿಡ್ತಾ ಇಲ್ಲ ಅಂತ ಕೇಳಿದೆ. "ಶಿ ಟಯರ್ಡ್" ಅಂದ. ಸುಸ್ತಾಗಿದೆ. ಅವನಿಗೆ ಹಾಗೇ ಹೇಳಿಕೊಟ್ಟಿದ್ದರು, ಮುಕ್ಕಾಲು ಪಾಲು ಮಕ್ಕಳಿಗೂ ಹಾಗೇ ಹೇಳಿಕೊಡುತ್ತಾರೆ. 1955ರ ಡಿಸೆಂಬರ್ 1ರಂದು ಮಾಂಟ್‌ಗಮರಿಯಲ್ಲಿ ಆ ಸಾಲಿನ ನಾಲ್ಕೂ ಜನರಿಗೆ ಏಳಿ ಅಂದಾಗ ಮೂವರು ಎದ್ದರು, ರೋಸಾ ಏಳಲಿಲ್ಲ. ಆಮೇಲೆ ಅವರೇ ಬರೆದಿದ್ದಾರೆ: ಮೈಗೇನೂ ಸುಸ್ತಾಗಿರಲಿಲ್ಲ, ಬಗ್ಗಿ ಬಗ್ಗಿ ಸಾಕಾಗಿತ್ತು, ಅಷ್ಟೇ. ಆಗ ಅವರಿಗೆ 42 ವರ್ಷ. ಕಾಲು ನೋಯುತ್ತಿದ್ದ ಮುದುಕಿ ಅಂತ ಕತೆ ಕಟ್ಟಿದರೆ ಬಿಕಾಸ್ ಬರುತ್ತದೆ ನಿಜ, ಆದರೆ ಸುಳ್ಳು ಬಿಕಾಸ್ ಬರುತ್ತದೆ. ಬೆಕ್ಕಿನದ್ದೇ ವಾಸಿ.

ಬಸ್ಸು ಬಿಟ್ಟು ಹತ್ತಿರದ ಊರಿಗೇ ಬಂದೆ. ಗ್ರೀನ್ಸ್‌ಬರೊ ನಮ್ಮ ರಾಜ್ಯದಲ್ಲೇ ಇದೆ. ಒಂದು ರಜೆಯಲ್ಲಿ ಅಲ್ಲಿನ ಮ್ಯೂಸಿಯಂಗೆ ಹೋಗಿದ್ದೆವು. ಹಳೇ ವುಲ್‌ವರ್ತ್ ಅಂಗಡಿಯನ್ನೇ 2010ರಲ್ಲಿ ನಾಗರಿಕ ಹಕ್ಕುಗಳ ಮ್ಯೂಸಿಯಂ ಮಾಡಿದ್ದಾರೆ. ಊಟದ ಕೌಂಟರ್ ಇದ್ದಲ್ಲೇ ಇದೆ, ಮುಂದೆ ಸಾಲಾಗಿ ಗುಂಡು ಸ್ಟೂಲುಗಳು. ಅದನ್ನು ನೋಡಿ ನನಗೆ ಥಟ್ಟನೆ ನೆನಪಾಗಿದ್ದು ನಂಜನಗೂಡಿನ ಕಡೆ ನಮ್ಮ ತಾತ ನಡೆಸುತ್ತಿದ್ದ ಹೋಟೆಲು. ಗಾಜಿನ ಬೀರುವಿನಲ್ಲಿ ವಡೆ, ಉದ್ದ ಬೆಂಚು, ಡಿಕಾಕ್ಷನ್ ವಾಸನೆ. ಅವತ್ತು ಅದಕ್ಕಿಂತ ಜಾಸ್ತಿ ಏನೂ ನೆನಪಾಗಲಿಲ್ಲ.

ಕತೆ ನಿಮಗೆ ಗೊತ್ತಿರಬಹುದು, ಚುಟುಕಾಗಿ ಹೇಳುತ್ತೇನೆ. 1960ರ ಫೆಬ್ರವರಿ 1, ಸೋಮವಾರ. ಅಲ್ಲಿನ ಎ ಅಂಡ್ ಟಿ ಕಾಲೇಜಿನ ನಾಲ್ಕು ಕಪ್ಪು ಹುಡುಗರು, ಎಜೆಲ್ ಬ್ಲೇರ್, ಫ್ರಾಂಕ್ಲಿನ್ ಮೆಕೇನ್, ಜೋಸೆಫ್ ಮೆಕ್‌ನೀಲ್, ಡೇವಿಡ್ ರಿಚ್ಮಂಡ್, ಎಲ್ಲರೂ ಮೊದಲ ವರ್ಷದವರು, ಅಂಗಡಿಗೆ ಹೋದರು. ಟೂತ್‌ಪೇಸ್ಟಿನಂಥ ಸಣ್ಣಪುಟ್ಟ ಸಾಮಾನು ಕೊಂಡರು, ರಸೀದಿ ಜೋಪಾನ ಮಾಡಿದರು. ಆಮೇಲೆ ಬಿಳಿಯರಿಗೆ ಮಾತ್ರ ಅಂತಿದ್ದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಅಂಗಡಿ ಬಾಗಿಲು ಹಾಕೋವರೆಗೂ ಕೂತಿದ್ದರು. ಮಾರನೇ ದಿನ ಇನ್ನೂ ಜಾಸ್ತಿ ಹುಡುಗರು ಬಂದರು, ವಾರದೊಳಗೆ ನೂರಾರು ಜನ. ಏಪ್ರಿಲ್‌ನಲ್ಲಿ ಇಲ್ಲೇ ರಾಲಿಯ ಶಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳದೇ ಸಂಘಟನೆ ಹುಟ್ಟಿತು. ಜುಲೈ 25ಕ್ಕೆ ಕೌಂಟರ್ ಎಲ್ಲರಿಗೂ ತೆರೆಯಿತು.

ಟೂತ್‌ಪೇಸ್ಟ್ ನನಗೆ ತುಂಬ ಇಷ್ಟ. ಅದರಲ್ಲಿ ಒಂದು ವಾದ ಇದೆ. ಅಲ್ಲಿ ನಮ್ಮ ದುಡ್ಡು ತಗೊಂಡ್ರಿ, ಆದ್ರೆ ಇಲ್ಲಿ ತಗೊಳ್ಳಲ್ಲ, ಯಾಕೆ? ಕೆಂಪು ಕಾರ್ಡು, ಹಳದಿ ಕಾರ್ಡು, ಎರಡೂ ಒಂದೇ ರಸೀದಿಯಲ್ಲಿ.

ಹುಡುಗನಿಗೆ ತೋರಿಸಿದ್ದು ಆ ಪ್ರಸಿದ್ಧ ಕಪ್ಪು-ಬಿಳುಪು ಫೋಟೋ. ಕೌಂಟರಿನಲ್ಲಿ ನಾಲ್ವರು ಕೂತು ತಿರುಗಿ ನಮ್ಮನ್ನು ನೋಡುತ್ತಿದ್ದಾರೆ. (ಬಹಳ ಜನ ಇದೇ ಮೊದಲ ದಿನದ ಫೋಟೋ ಅಂದುಕೊಂಡಿದ್ದಾರೆ. ಇದು ಎರಡನೇ ದಿನದ್ದು. ಮೆಕ್‌ನೀಲ್, ಮೆಕೇನ್ ಇಬ್ಬರೇ ಮೊದಲ ದಿನದವರು, ಇನ್ನಿಬ್ಬರು ಬೇರೆ.) ನಾನು ಏನೂ ಹೇಳಲಿಲ್ಲ. ನಮ್ಮ ಕಸುಬಿನಲ್ಲಿ ಅತಿ ಕಷ್ಟದ ಕೆಲಸ ಅಂದರೆ ಅದೇ, ಬಾಯಿ ಮುಚ್ಚಿಕೊಂಡು ಹತ್ತು ಸೆಕೆಂಡು ಕಾಯೋದು. ಹುಡುಗ ಕೂತವರನ್ನು ನೋಡಲೇ ಇಲ್ಲ. ಅವನ ಬೆರಳು ಸೀದಾ ಕೌಂಟರಿನ ಆ ಕಡೆಗೆ ಹೋಯಿತು. ಅಲ್ಲಿ ಬಿಳಿ ಸಮವಸ್ತ್ರದಲ್ಲಿ ಒಬ್ಬ ಕಪ್ಪು ಯುವಕ ನಿಂತಿದ್ದಾನೆ. ತಟ್ಟೆ ಲೋಟ ಎತ್ತುವ ಕೆಲಸದವನು. ಎಷ್ಟೋ ಸಲ ಆ ಫೋಟೋ ನೋಡಿದ್ದೇನೆ, ಮ್ಯೂಸಿಯಂನಲ್ಲೂ ನೋಡಿದ್ದೇನೆ, ಅವನ ಮೇಲೆ ನನ್ನ ಕಣ್ಣು ನಿಂತೇ ಇರಲಿಲ್ಲ.

"ಇವನೂ ಕಪ್ಪು" ಅಂದ ಹುಡುಗ.

"ಹೌದು."

"ಇವನು ಒಳಗಿದಾನೆ."

ಕೆಂಪು ಕಾರ್ಡು ಮೇಜಿನ ಮೇಲೇ ಇತ್ತು. ನಾನು ತಳ್ಳಲಿಲ್ಲ. ಅವನು ಅದನ್ನು ನೋಡಲೂ ಇಲ್ಲ. ಹುಬ್ಬು ಗಂಟು ಹಾಕಿಕೊಂಡು ಸ್ವಲ್ಪ ಹೊತ್ತು ಕೂತ. ಆಮೇಲೆ, "ಅವನು ಅಲ್ಲಿ ಕೆಲಸ ಮಾಡಬಹುದು, ಆದ್ರೆ ಅವನು ಅಲ್ಲಿ ಕೂರೋ ಹಾಗಿಲ್ಲ" ಅಂದ. ಇಂಗ್ಲಿಷಿನಲ್ಲಿ ಒಂಬತ್ತು ಪದ. ಎಣಿಸಿದೆ, ಎಣಿಸೋದು ನಮಗೆ ಚಟ. ಆ ವರ್ಷ ಅಲ್ಲಿವರೆಗೆ ಅವನು ಆಡಿದ್ದರಲ್ಲಿ ಅತಿ ಉದ್ದದ ವಾಕ್ಯ.

ಮುಂದಿನ ಸಲ ಅವನಿಗೆ ಜುಲೈ 25ರ ಕತೆ ಹೇಳಿದೆ. ಆ ಕೌಂಟರಿನಲ್ಲಿ ಕೂತು ತಿಂದ ಮೊದಲ ಕಪ್ಪು ಜನ ಚಳವಳಿಯ ಹುಡುಗರಲ್ಲ. ಅದೇ ಅಂಗಡಿಯ ಕೆಲಸದವರು. ಸಮವಸ್ತ್ರ ಬಿಚ್ಚಿಟ್ಟು, ತಮ್ಮ ಸ್ವಂತ ಬಟ್ಟೆ ಹಾಕಿಕೊಂಡು ಬಂದು ಕೂತರು. ಅವರಲ್ಲಿ ಜಿನೀವಾ ಟಿಸ್ಡೇಲ್ ಅನ್ನುವವರು ಮೊಟ್ಟೆ ಸಲಾಡಿನ ಸ್ಯಾಂಡ್‌ವಿಚ್ ತರಿಸಿಕೊಂಡರು. ಅಡುಗೆಮನೆಯಲ್ಲಿ ಅದನ್ನು ಮಾಡಿಟ್ಟಿದ್ದೂ ಅವರೇ. ಹುಡುಗ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕ. ಆಮೇಲೆ ಅವರಜ್ಜಿಗೆ ಹೇಳಿದನಂತೆ, ಒಂದಾದ ಮೇಲೆ ಒಂದು, ಸರಿಯಾದ ಕ್ರಮದಲ್ಲಿ. ಅಜ್ಜಿ ನನಗೆ ಫೋನ್ ಮಾಡಿ ತಿಳಿಸಿದರು. ಹತ್ತು ವರ್ಷದಲ್ಲಿ ಯಾರ ಅಜ್ಜಿಯೂ ಬೆಕ್ಕಿನ ವಿಷಯಕ್ಕೆ ಫೋನ್ ಮಾಡಿರಲಿಲ್ಲ.

ಕೇಳಿದರು, ಕಾದರು, ಒಲ್ಲೆ ಅಂದರು

ಆಮೇಲೆ ಉಳಿದ ಮಕ್ಕಳಿಗೂ ಇದನ್ನೇ ಇಟ್ಟುಕೊಂಡು ಕೆಲಸ ಮಾಡುತ್ತಾ ಬಂದೆ. ಮಾತಿನ ತೊಂದರೆ ಇರುವ ಮಕ್ಕಳು ಕತೆ ಹೇಳುವಾಗ ಆಗಿದ್ದನ್ನು ಹೇಳುತ್ತಾರೆ, ಅಂದುಕೊಂಡಿದ್ದನ್ನು ಬಿಡುತ್ತಾರೆ. ಯಾರು, ಎಲ್ಲಿ, ಏನಾಯಿತು, ಇಷ್ಟು ಬರುತ್ತದೆ. ಯಾರಿಗೆ ಏನನಿಸಿತು, ಏನು ಮಾಡಬೇಕು ಅಂತ ಲೆಕ್ಕ ಹಾಕಿದರು, ಇವೆರಡು ಹಾರಿಹೋಗುತ್ತವೆ. ಗ್ರೀನ್ಸ್‌ಬರೊ ಕತೆಯಲ್ಲಿ ಅವೆರಡನ್ನು ಬಿಟ್ಟರೆ ಕತೆಯೇ ಇಲ್ಲ. ನಾಲ್ಕು ಜನ ಹೋದರು, ಕೂತರು, ಎದ್ದು ಬಂದರು, ಅಷ್ಟೇ ಆಗುತ್ತದೆ. ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಕೂತು ಮಾತಾಡಿಕೊಂಡದ್ದು, ಮೊದಲು ಟೂತ್‌ಪೇಸ್ಟ್ ಆಮೇಲೆ ಕಾಫಿ ಅಂತ ಮಾಡಿದ್ದು, ಅದೇ ಇಲ್ಲಿ ಗಂಟು. "ಅವರು ಅಂದುಕೊಂಡ್ರು", "ಅವರಿಗೆ ಗೊತ್ತಿತ್ತು", "ಅವರು ನಿರ್ಧಾರ ಮಾಡಿದ್ರು" ಅನ್ನುವ ಕ್ರಿಯಾಪದಗಳು ತಾವಾಗೇ ಬೇಕಾಗುತ್ತವೆ.

ಊಹೆಗೆ ಒಂದು ಭಾಗ ಮೀಸಲು. ಮೆಕೇನ್ ಹೇಳುತ್ತಿದ್ದ ಪ್ರಸಂಗ. ಕೌಂಟರಿನಲ್ಲಿ ಕೂತಿದ್ದಾಗ ಒಬ್ಬ ವಯಸ್ಸಾದ ಬಿಳಿ ಹೆಂಗಸು ಇವರನ್ನೇ ದುರುಗುಟ್ಟಿ ನೋಡುತ್ತಿದ್ದಳಂತೆ. ಎದ್ದು ಇವರ ಹಿಂದೆ ಬಂದು ನಿಂತಳು. ಇಲ್ಲಿಗೆ ನಾನು ನಿಲ್ಲಿಸುತ್ತೇನೆ. ಏನು ಹೇಳಿರಬಹುದು? "ಎದ್ದೇಳಿ ಅಂದಳು", "ಪೊಲೀಸ್ ಕರೀತೀನಿ ಅಂದಳು", "ಉಗಿದಳು". ಎಲ್ಲರೂ ಕಾರಣವನ್ನೂ ಕೊಡುತ್ತಾರೆ. ನಿಜಕ್ಕೂ ಅವಳು ಹೆಗಲ ಮೇಲೆ ಕೈಯಿಟ್ಟು, ನಿಮ್ಮನ್ನು ನೋಡಿ ಹೆಮ್ಮೆಯಾಗುತ್ತಿದೆ, ಹತ್ತು ವರ್ಷದ ಹಿಂದೆಯೇ ಮಾಡಬೇಕಿತ್ತು ಅಂದಳಂತೆ. ಮಕ್ಕಳು ಬೆಪ್ಪಾಗುತ್ತಾರೆ. ಹಾಗಾದರೆ ಯಾಕೆ ಗುರಾಯಿಸುತ್ತಿದ್ದಳು? ಅಲ್ಲಿಂದ ಇಪ್ಪತ್ತು ನಿಮಿಷ ನಾನು ಏನೂ ಮಾಡಬೇಕಿಲ್ಲ.

ಪದಗಳೂ ಸಿಗುತ್ತವೆ. "ಸರ್ವ್" ಒಂದೇ ಸಾಕು. ಕಾಫಿ ಸರ್ವ್ ಮಾಡೋದು, ಸೈನ್ಯದಲ್ಲಿ ಸರ್ವ್ ಮಾಡೋದು, ಟೆನಿಸ್‌ನಲ್ಲಿ ಸರ್ವ್ ಮಾಡೋದು. ಇನ್ನು ಇಂಗ್ಲಿಷಿನ ಭೂತಕಾಲದ ಬಾಲ, ಆ -ed. ಬರೆಯುವಾಗ ಒಂದೇ, ಬಾಯಿಗೆ ಬಂದಾಗ ಮೂರು: ಕೇಳಿದರು ಅನ್ನೋಕೆ "ಆಸ್ಕ್ಟ್", ಒಲ್ಲೆ ಅಂದರು ಅನ್ನೋಕೆ "ರಿಫ್ಯೂಸ್ಡ್", ಕಾದರು ಅನ್ನೋಕೆ "ವೇಟಿಡ್". ಟ್, ಡ್, ಇಡ್. ಒಂದೇ ಕತೆಯಲ್ಲಿ ಮೂರೂ ಸಿಕ್ಕಿದ್ದು ನನ್ನ ಪುಣ್ಯ. ಅದರಲ್ಲಿ ಆ "ಆಸ್ಕ್ಟ್" ಇದೆಯಲ್ಲ, ಮೂರು ವ್ಯಂಜನ ಒಂದರ ಮೇಲೊಂದು ಹತ್ತಿ ಕೂತಿವೆ. ನಮ್ಮ ಕನ್ನಡದ ನಾಲಿಗೆ ಕೊನೆಗೊಂದು ಉಕಾರ ಸೇರಿಸಿ ಬಚಾವಾಗುತ್ತದೆ. ನನ್ನದೂ ಸುಸ್ತಾದ ಸಂಜೆ ಹಾಗೇ ಮಾಡುತ್ತದೆ.

ಮಾತು ತೊದಲುವ ಐದನೇ ಕ್ಲಾಸಿನ ಹುಡುಗಿಗೆ ಈ ಕತೆ ಬೇರೆ ಕಡೆಯಿಂದ ತಾಗಿತು. ತೊದಲುವವರಿಗೆ ಕೌಂಟರಿನಲ್ಲಿ ನಿಂತು ಇಂಥದ್ದು ಬೇಕು ಅಂತ ಕೇಳೋದು ಎಷ್ಟು ದೊಡ್ಡ ಗಂಡಾಂತರ ಅಂತ ಗೊತ್ತಿರುವವರಿಗೇ ಗೊತ್ತು. ಹಿಂದೆ ಜನ, ಮುಂದೆ ಆತುರದ ಮುಖ. "ಅವರು ಮೊದಲೇ ಪ್ರಾಕ್ಟೀಸ್ ಮಾಡ್ಕೊಂಡಿದ್ರಾ?" ಅಂತ ಕೇಳಿದಳು. ಎರಡೂ ಒಂದೇ ಅಲ್ಲ ಅಂತ ನನಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಅವಳಿಗೆ ಈ ಚಳವಳಿಯ ಮುಂದಾಳು ಜಾನ್ ಲೂಯಿಸ್ ಕತೆ ಹೇಳಿದೆ. ಅಲಬಾಮಾದ ಟ್ರಾಯ್ ಹತ್ತಿರದ ಹೊಲದಲ್ಲಿ ಬೆಳೆದವರು, ಮುಂದೆ ನ್ಯಾಶ್‌ವಿಲ್‌ನ ಇಂಥದೇ ಕೌಂಟರುಗಳಲ್ಲಿ ಕೂತವರು, 1965ರಲ್ಲಿ ಸೆಲ್ಮಾದ ಸೇತುವೆ ಮೇಲೆ ಮೆರವಣಿಗೆಯಲ್ಲಿ ಪೊಲೀಸರಿಂದ ತಲೆ ಒಡೆಸಿಕೊಂಡವರು. ಚಿಕ್ಕವರಿದ್ದಾಗ ಮನೆಯ ಕೋಳಿ ನೋಡಿಕೊಳ್ಳೋದು ಅವರ ಪಾಲಿನ ಕೆಲಸ. ಕೋಳಿಗಳನ್ನೇ ಕೂರಿಸಿಕೊಂಡು ಉಪದೇಶ ಮಾಡುತ್ತಿದ್ದರಂತೆ. ಸತ್ತ ಕೋಳಿಗೆ ಶವಸಂಸ್ಕಾರವೂ ಇತ್ತು. ಮಧ್ಯೆ ಬಾಯಿ ಹಾಕದ, ವಾಕ್ಯ ಪೂರ್ತಿ ಮಾಡಿಕೊಡದ ಕೇಳುಗರು ಅಂದರೆ ಕೋಳಿಗಳೇ ಸರಿ. ಹುಡುಗಿಗೆ ಕೋಳಿ ಇರಲಿಲ್ಲ, ಹಳೇ ನಾಯಿ ಇತ್ತು. ಅದಕ್ಕೆ ದಿನಾ ಓದಿ ಹೇಳತೊಡಗಿದಳು.

ತಪ್ಪನ್ನೂ ಹೇಳಿಬಿಡುತ್ತೇನೆ. ಮೊದಲ ವರ್ಷ ಉತ್ಸಾಹದಲ್ಲಿ ಇದನ್ನು ನಾಟಕ ಮಾಡಿಸೋಕೆ ಹೋದೆ. ನೀನು ಅಂಗಡಿಯವನು, ನೀನು ಕಾಫಿ ಕೇಳುವವನು, ಕೊಡಲ್ಲ ಅನ್ನು. ಗುಂಪಿನಲ್ಲಿ ಒಬ್ಬಳೇ ಕಪ್ಪು ಹುಡುಗಿ ಇದ್ದಳು. ಪಾತ್ರ ಹಂಚುವ ಮೊದಲೇ ಉಳಿದ ಮೂವರೂ ಅವಳ ಕಡೆ ತಿರುಗಿದರು. ಅವಳು ಮೇಜಿನ ಅಂಚು ಕೆರೆಯತೊಡಗಿದಳು. ಅಲ್ಲೇ ನಿಲ್ಲಿಸಿ ಕಾರ್ಡು ಆಟ ಆಡಿಸಿದೆ, ಆದರೆ ಆ ನೋಟ ಹಿಂದಕ್ಕೆ ತಗೊಳ್ಳೋಕೆ ಬರಲ್ಲ. ಅವಮಾನವನ್ನು ಅಭಿನಯ ಮಾಡಿಸಿ ಭಾಷೆ ಕಲಿಸುವಷ್ಟು ದರಿದ್ರ ಭಾಷೆಗೆ ಬಂದಿಲ್ಲ. ಈಗ ಫೋಟೋ, ಕತೆ, ಪ್ರಶ್ನೆ. ನಾಟಕ ಇಲ್ಲ.

ಹಾಲು, ಆಲು

"ಶಿ ಟಯರ್ಡ್" ಅಂತ ಹುಡುಗ ಅಂದದ್ದನ್ನು ಮೇಲೆ ಬರೆದೆ. ಶಾಲೆಯ ಇಂಗ್ಲಿಷಿನ ಪ್ರಕಾರ ಮಧ್ಯೆ ಒಂದು "ಈಸ್" ಬೇಕು. ಅದು ಇಲ್ಲದ್ದು ತೊಂದರೆಯಾ? ನಾನು ಅದನ್ನು ತಿದ್ದಲಿಲ್ಲ, ತಿದ್ದೋದೂ ಇಲ್ಲ. ಅದು ಅವರ ಮನೆ ಭಾಷೆ, ಕಪ್ಪು ಜನರ ಇಂಗ್ಲಿಷ್. ಅದಕ್ಕೆ ತನ್ನದೇ ವ್ಯಾಕರಣ ಇದೆ. ಕನ್ನಡದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ ನೋಡಿ. "ಅವನು ನನ್ನ ತಮ್ಮ" ಅನ್ನುವಾಗ ನಾವು ಮಧ್ಯೆ ಏನಾದರೂ ಹಾಕುತ್ತೇವಾ? "ಹಿ ವರ್ಕಿಂಗ್" ಅಂದರೆ ಈಗ ಕೆಲಸ ಮಾಡ್ತಾ ಇದಾನೆ. "ಹಿ ಬಿ ವರ್ಕಿಂಗ್" ಅಂದರೆ ಕೆಲಸ ಮಾಡ್ತಾ ಇರ್ತಾನೆ. ಶಾಲೆಯ ಇಂಗ್ಲಿಷಿನಲ್ಲಿ ಈ ವ್ಯತ್ಯಾಸ ತೋರಿಸೋಕೆ ಇನ್ನೊಂದು ಪದ ಹುಡುಕಬೇಕು. ನಮ್ಮಲ್ಲೂ ಅವರಲ್ಲೂ ಕ್ರಿಯಾಪದದಲ್ಲೇ ಇದೆ. ಮೊದಲ ಸಲ ಇದು ಹೊಳೆದ ದಿನ ನನಗೆ ನೆಂಟರು ಸಿಕ್ಕಷ್ಟು ಖುಷಿಯಾಗಿತ್ತು.

ಈ ವಿಷಯ ಕೋರ್ಟಿಗೂ ಹೋಗಿದೆ. 1977ರಲ್ಲಿ ಮಿಷಿಗನ್ನಿನ ಆನ್ ಆರ್ಬರ್‌ನಲ್ಲಿ ಬಡ ಕಪ್ಪು ಮಕ್ಕಳ ಪರವಾಗಿ ತಾಯಂದಿರು ಕೇಸು ಹಾಕಿದರು. ಮಕ್ಕಳ ಮನೆ ಮಾತನ್ನು ಅರ್ಥ ಮಾಡಿಕೊಳ್ಳದೆ ಕಲಿಕೆಯ ತೊಂದರೆ, ಮಾತಿನ ತೊಂದರೆ ಅಂತ ಹಣೆಪಟ್ಟಿ ಹಚ್ಚುತ್ತಿದ್ದಾರೆ, ಓದು ಕಲಿಸುತ್ತಿಲ್ಲ ಅನ್ನೋದು ದೂರು. ಆ ಶಾಲೆಗೆ ಇಟ್ಟಿದ್ದ ಹೆಸರು ಮಾರ್ಟಿನ್ ಲೂಥರ್ ಕಿಂಗ್! 1979ರ ಜುಲೈನಲ್ಲಿ ನ್ಯಾಯಾಧೀಶ ಚಾರ್ಲ್ಸ್ ಜಾಯ್ನರ್ ತೀರ್ಪು ಕೊಟ್ಟರು: ಮಕ್ಕಳ ಮನೆ ಭಾಷೆಯನ್ನು ಗುರುತಿಸೋದನ್ನು ಶಿಕ್ಷಕರು ಕಲಿಯಬೇಕು, ಅದನ್ನು ಗಮನದಲ್ಲಿಟ್ಟುಕೊಂಡು ಓದು ಕಲಿಸಬೇಕು. 1983ರಲ್ಲಿ ಅಮೆರಿಕದ ಸ್ಪೀಚ್ ಥೆರಪಿಸ್ಟರ ಸಂಘವೇ ಇಂಗ್ಲಿಷಿನ ಯಾವ ಉಪಭಾಷೆಯೂ ರೋಗವಲ್ಲ ಅಂತ ಬರೆದುಕೊಟ್ಟಿತು. ನನ್ನ ಕೆಲಸವೇ ನಾಗರಿಕ ಹಕ್ಕುಗಳ ಚಳವಳಿಯ ಋಣ. 1954ರಲ್ಲಿ ಬಣ್ಣ ನೋಡಿ ಶಾಲೆ ಬೇರೆ ಮಾಡಬಾರದು ಅಂತ ತೀರ್ಪು ಬಂತು. ಅದನ್ನೇ ಹಿಡಿದುಕೊಂಡು ಅಂಗವಿಕಲ ಮಕ್ಕಳ ತಂದೆತಾಯಂದಿರು ಕೋರ್ಟಿಗೆ ಹೋದರು, 1975ರಲ್ಲಿ ಕಾನೂನು ಬಂತು. ನಾನು ತುಂಬುವ ಐಇಪಿ ಫಾರಂ ಬಂದದ್ದು ಆ ಕಾನೂನಿನಿಂದ. ಫಾರಂ ಉದ್ದ ಅಂತ ಗೊಣಗುವಾಗ ಇದು ನೆನಪಾಗೋದಿಲ್ಲ, ಅದು ಬೇರೆ ಮಾತು.

ಇದನ್ನೆಲ್ಲ ಓದುವಾಗ ನನಗೆ ನೆನಪಾಗಿದ್ದು ನಾಲ್ಕನೇ ಕ್ಲಾಸಿನ ಒಬ್ಬ ಸಹಪಾಠಿ. ಮಳವಳ್ಳಿ ಕಡೆಯ ಹಳ್ಳಿಯಿಂದ ಮೈಸೂರಿಗೆ ಬಂದು, ನೆಂಟರ ಮನೆಯಲ್ಲಿದ್ದು ಓದುತ್ತಿದ್ದ. ಹಾಲಿಗೆ ಆಲು, ಹಸುವಿಗೆ ಅಸು, ಹುಡುಗಿಗೆ ಉಡುಗಿ. ಮೇಷ್ಟರು ಅವನನ್ನು ಬೋರ್ಡಿನ ಮುಂದೆ ನಿಲ್ಲಿಸಿ ಬಾಯಿ ಮುಂದೆ ಒಂದು ತುಂಡು ಕಾಗದ ಹಿಡಿಯುತ್ತಿದ್ದರು. "ಹಾಲು" ಅಂದರೆ ಕಾಗದ ಅಲ್ಲಾಡಬೇಕು. ಅಲ್ಲಾಡದಿದ್ದರೆ ಅಂಗೈಗೆ ಸ್ಕೇಲು. ನಾವೆಲ್ಲ ನಗುತ್ತಿದ್ದೆವು. ನಾನು ಮುಂದಿನ ಬೆಂಚಿನಲ್ಲಿ ಕೂತು ಜಾಸ್ತಿಯೇ ನಗುತ್ತಿದ್ದೆ. ಹೆದರಿ ಹೆದರಿ ಅವನು ಎಲ್ಲ ಕಡೆ ಹಕಾರ ಹಾಕತೊಡಗಿದ. ಆನೆ ಹಾನೆ ಆಯಿತು, ಅಕ್ಕ ಹಕ್ಕ ಆದಳು. ಅದಕ್ಕೆ ಇನ್ನೊಂದು ಸುತ್ತು ನಗು. ಕೊನೆಗೆ ಅವನು ಕ್ಲಾಸಿನಲ್ಲಿ ಮಾತಾಡೋದನ್ನೇ ಬಿಟ್ಟ. ಆಟದ ಮೈದಾನದಲ್ಲಿ ಮಾತ್ರ ಅವನಷ್ಟು ಸೊಗಸಾಗಿ ಕತೆ ಹೇಳುವವರು ಇರಲಿಲ್ಲ. ತೋಟದ ಬಾವಿಯಲ್ಲಿ ಮೊಸಳೆ ಕಂಡ ಕತೆ ನನಗೆ ಈಗಲೂ ನೆನಪಿದೆ.

ವರ್ಷಗಳಾದ ಮೇಲೆ, ಸ್ಪೀಚ್ ಅಂಡ್ ಹಿಯರಿಂಗ್‌ನಲ್ಲಿ ಬಾಯಿ ಮುಂದೆ ಕಾಗದ ಹಿಡಿದು ಉಸಿರು ನೋಡುವುದನ್ನು ನನಗೂ ಕಲಿಸಿದರು. ಥೆರಪಿಯಲ್ಲಿ ಅದು ಒಳ್ಳೆಯ ಉಪಾಯ. ಮೊದಲ ಸಲ ಒಂದು ಮಗುವಿನ ಬಾಯಿ ಮುಂದೆ ಆ ಕಾಗದ ಹಿಡಿದಾಗ ನನ್ನ ಕೈ ಸ್ವಲ್ಪ ನಡುಗಿತ್ತು.

ನನ್ನ ಮೂರನೇ ಕ್ಲಾಸಿನ ಹುಡುಗನಿಗೂ ಆ ಸಹಪಾಠಿಗೂ ವ್ಯತ್ಯಾಸ ಇದೆ. ಇವನಿಗೆ ನಿಜಕ್ಕೂ ತೊಂದರೆ ಇತ್ತು. "ಈಸ್" ಬಿಟ್ಟದ್ದು ತೊಂದರೆಯಲ್ಲ. ಅಣ್ಣ ಬಿದ್ದದ್ದಕ್ಕೂ ಐಸ್‌ಕ್ರೀಂಗೂ ನಡುವಿನ ದಾರ ಇಲ್ಲದ್ದು ತೊಂದರೆ. ಎರಡನ್ನೂ ಬೇರೆ ಮಾಡಿ ನೋಡೋದಕ್ಕೆ ನನಗೆ ಸಂಬಳ ಕೊಡುತ್ತಾರೆ.

ಯಾರು?

ಏಪ್ರಿಲ್ ಹೊತ್ತಿಗೆ ಇನ್ನೊಂದು ಗುರಿ ಹಿಡಿದಿದ್ದೆವು. ಇಂಗ್ಲಿಷಿನ ಕರ್ಮಣಿ ಪ್ರಯೋಗ. "ದೇ ವರ್ ನಾಟ್ ಸರ್ವ್ಡ್." ಇಂಥ ವಾಕ್ಯ ಈ ಮಕ್ಕಳಿಗೆ ಬಹಳ ತೊಡಕು. ಮೊದಲು ಬಂದ ಪದವೇ ಕೆಲಸ ಮಾಡಿದ್ದು ಅಂತ ಅಂದುಕೊಂಡು, ಆ ನಾಲ್ವರೇ ಯಾರಿಗೋ ಕಾಫಿ ಕೊಡಲಿಲ್ಲ ಅಂತ ತಿಳಿಯುತ್ತಾರೆ. ಅದಕ್ಕೆ ಒಂದು ಅಭ್ಯಾಸ ಮಾಡಿಸಿದೆ. ಇಂಥ ವಾಕ್ಯ ಕಂಡ ತಕ್ಷಣ "ಬೈ ಹೂ?" ಅಂತ ಕೇಳಬೇಕು. ಯಾರಿಂದ? ಚರಿತ್ರೆಯ ಪಠ್ಯ ತುಂಬ ಇಂಥವೇ. ಬಂಧಿಸಲಾಯಿತು, ಹೊಡೆಯಲಾಯಿತು, ನಿರಾಕರಿಸಲಾಯಿತು. ನಾವು ಪ್ರತಿಯೊಂದಕ್ಕೂ ಬೈ ಹೂ, ಬೈ ಹೂ ಅಂತ ಕೂಗುತ್ತಾ ಹೋದೆವು. ಕಾಫಿ ಕೊಡದವರು ಯಾರು? ಕೌಂಟರಿನ ಹೆಂಗಸು. ಅವಳಿಗೆ ಹೇಳಿದ್ದು ಯಾರು? ಮ್ಯಾನೇಜರು. ಅವನಿಗೆ? ಕಂಪನಿ. ಕಂಪನಿ ಏನಂದಿತ್ತು? ಆಯಾ ಊರಿನ ಪದ್ಧತಿಯಂತೆ ನಡೆದುಕೊಳ್ಳುತ್ತೇವೆ ಅಂತ. ಪದ್ಧತಿ ಅಂದರೆ ಯಾರು? ಹುಡುಗ ಪುಟ ತಿರುಗಿಸಿ ನೋಡಿದ, ಹಿಂದೆ ಎಲ್ಲಾದರೂ ಅವರ ಫೋಟೋ ಇದೆಯೇನೋ ಅಂತ.

ಕನ್ನಡದಲ್ಲಿ ಕರ್ಮಣಿ ಪ್ರಯೋಗ ಬರೀ ಪೇಪರಿನವರಿಗೆ, ಸರ್ಕಾರದವರಿಗೆ. ನಾವು ಮನೆಯಲ್ಲಿ ಹಾಗೆ ಮಾತಾಡಲ್ಲ. ಅದಕ್ಕೆ ನಮ್ಮ ಮಾತಿನಲ್ಲಿ ಕರ್ತೃ ಬಚ್ಚಿಟ್ಟುಕೊಳ್ಳಲಾರ ಅಂತ ಅಂದುಕೊಂಡಿದ್ದೆ. ಆಮೇಲೆ ಒಂದು ರಾತ್ರಿ ಪಾತ್ರೆ ತೊಳೆಯುವಾಗ ಹೊಳೆಯಿತು. "ಕೊಡಲಿಲ್ಲ." ನಾನು ಕೊಡಲಿಲ್ಲ, ನೀನು ಕೊಡಲಿಲ್ಲ, ಅವಳು ಕೊಡಲಿಲ್ಲ, ಅವರು ಕೊಡಲಿಲ್ಲ. ಕೊಟ್ಟೆ, ಕೊಟ್ಟಳು, ಕೊಟ್ಟರು ಅನ್ನುವಾಗ ಬಾಲದಲ್ಲಿ ಆಳು ಇರುತ್ತದೆ. ಕೊಡದೇ ಇದ್ದಾಗ ಬಾಲವೇ ಇಲ್ಲ. "ಕಾಫಿ ಕೊಡಲಿಲ್ಲ" ಅಂದರೆ ಯಾರ ಹೆಸರೂ ಹೇಳಬೇಕಿಲ್ಲ, ವ್ಯಾಕರಣ ಪೂರ್ತಿ. ನಮಗೆ ಕರ್ಮಣಿ ಪ್ರಯೋಗ ಬೇಕೇ ಇಲ್ಲ.

ವರ್ಷದ ಕೊನೆಯ ವಾರಗಳಲ್ಲಿ ಒಂದು ದಿನ ಹುಡುಗ ಆ ಫೋಟೋ ಮತ್ತೆ ಬೇಕು ಅಂದ. ಕೊಟ್ಟೆ. ನೋಡುತ್ತಾ ನೋಡುತ್ತಾ, "ಮಿಸ್, ನಿಮ್ಮ ದೇಶದಲ್ಲಿ ಎಲ್ಲರೂ ಕೂರಬಹುದಿತ್ತಾ?" ಅಂದ. ಇಲ್ಲ ಅಂದೆ. ನನ್ನ ತಾತನಿಗೆ ಒಂದು ಪುಟ್ಟ ಹೋಟೆಲು ಇತ್ತು ಅಂತ ಹೇಳಿದೆ. ಬೆಂಚು, ವಡೆ, ಡಿಕಾಕ್ಷನ್ ಎಲ್ಲ ಹೇಳಿದೆ. ಹಾಗೆ ಹೇಳುತ್ತಾ ಮ್ಯೂಸಿಯಂನಲ್ಲಿ ನೆನಪಾಗದ್ದು ಬಂತು. ಹೊರಗಡೆ ಗೋಡೆಯಲ್ಲಿ ಒಂದು ಗೂಡು ಇತ್ತು. ಅದರಲ್ಲಿ ಮೂರೋ ನಾಲ್ಕೋ ಲೋಟ, ಅಂಚು ನೆಗ್ಗಿದ್ದವು. ಹೊಲೆಗೇರಿಯಿಂದ ಬಂದವರು ಅಂಗಳದಲ್ಲೇ ನಿಲ್ಲುತ್ತಿದ್ದರು. ಅದೇ ಲೋಟ ಹಿಡಿದರೆ ಮೇಲಿಂದ ಕಾಫಿ ಹುಯ್ಯುತ್ತಿದ್ದರು. ಕುಡಿದ ಮೇಲೆ ಅವರೇ ತೊಳೆದು ಗೂಡಿನಲ್ಲಿ ಬೋರಲು ಹಾಕಿ ಹೋಗಬೇಕು. ನನಗಾಗ ಆರೋ ಏಳೋ ವರ್ಷ. ಆ ಲೋಟ ಮುಟ್ಟಬೇಡ ಅಂತ ನನಗೆ ಹೇಳಿದ್ದರು.

ಇದನ್ನೆಲ್ಲ ಹುಡುಗನಿಗೆ ಒಂದೇ ವಾಕ್ಯದಲ್ಲಿ ಹೇಳಿದೆ. ಇಂಗ್ಲಿಷಿನಲ್ಲಿ. "ಸಮ್ ಪೀಪಲ್ ವರ್ ಗಿವನ್ ಸೆಪರೇಟ್ ಕಪ್ಸ್."

"ಬೈ ಹೂ?" ಅಂದ. ತಡ ಮಾಡಲೇ ಇಲ್ಲ. ನಾನೇ ಕಲಿಸಿದ್ದು.

ಪದ್ಧತಿ ಅನ್ನಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು.

"ನಮ್ಮ ತಾತ" ಅಂದೆ.

ಹುಡುಗ ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಮೇಜಿನ ಮೇಲಿದ್ದ ಮೂರು ಕಾರ್ಡುಗಳಲ್ಲಿ ಹಳದಿಯದನ್ನು ಆರಿಸಿ, ಒಂದು ಬೆರಳಿನಿಂದ, ನಿಧಾನಕ್ಕೆ ನನ್ನ ಕಡೆ ತಳ್ಳಿದ.